ಗುವೊ ಚಿಂಗ್ಲಾನ್: ಗಾಯಾಳುಗಳ ದಾದಿ

(ಶತಮಾನೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಸೊಲ್ಲಾಪುರದವರಿಗೆ ಡಾ. ದ್ವಾರಕಾನಾಥ ಕೋಟ್ನಿಸರನ್ನು ಪರಿಚಯಿಸುವುದೆಂದರೆ ಸಿದ್ಧರಾಮೇಶ್ವರರ ಗುಡಿಗೆ ದಾರಿ ತೋರಿಸಿದಂತೆ. 1910ರಲ್ಲಿ ಈ ಊರಿನಲ್ಲಿ ಹುಟ್ಟಿದ ಅವರು 1938ರಲ್ಲಿ ಐವರು ವೈದ್ಯರ ತಂಡದೊಡನೆ ಚೀನಕ್ಕೆ ತೆರಳಿದರು. ಜಪಾನಿನ ಆಕ್ರಮಣವನ್ನು ಎದುರಿಸುತ್ತಿದ್ದ ಸೈನಿಕರಿಗೆ ಚಿಕಿತ್ಸೆ ಮಾಡುತ್ತ 1942ರ ಡಿಸೆಂಬರ್ 9ರಂದು ಅಲ್ಲಿಯೇ ತೀರಿಕೊಂಡರು. ಇಷ್ಟನ್ನು ನಿಮ್ಮ ಮಕ್ಕಳೂ ಹೇಳಬಲ್ಲರು. ಆದುದರಿಂದ ನಾನಿಂದು, ‘ಕೋಟ್ನಿಸರ ಪತ್ನಿ’ ಎಂದಷ್ಟೇ ಹೇಳಿ ನಾವು ದಾಟಿಹೋಗುವ ಗುವೊ ಚಿಂಗ್ಲಾನ್ ಅವರ ವಿಷಯವಾಗಿ ನಾಲ್ಕು ಮಾತು ಹೇಳಬಯಸುತ್ತೇನೆ.

ಕೋಟ್ನಿಸರ ಕೈಹಿಡಿದು ಆಕೆ ದಾದಿಯಾದವರಲ್ಲ. 1916ರಲ್ಲಿ ಹುಟ್ಟಿದ ಚಿಂಗ್ಲಾನ್ ಶುಶ್ರೂಷೆಯನ್ನು ಕ್ರಮವಾಗಿ ಕಲಿತು, ಉತ್ತರ ಚೀನದ ಬೆಟ್ಟಗಾಡಿನಲ್ಲಿ ಹೋರಾಡುತ್ತಿದ್ದ ಸೇನೆಯ ಗಾಯಾಳುಗಳ ಸೇವೆಗೆ ನಿಂತಿದ್ದರು. ಕೆನಡಾದ ಶಸ್ತ್ರವೈದ್ಯ ನಾರ್ಮನ್ ಬೆಥೂನ್ ದುಡಿದದ್ದು ಅದೇ ಸೀಮೆಯಲ್ಲಿ. ಶಸ್ತ್ರಕ್ರಿಯೆಯ ವೇಳೆ ಬೆರಳಿಗಾದ ಗಾಯ ನಂಜೇರಿ 1939ರ ನವೆಂಬರಿನಲ್ಲಿ ಅವರು ಮಡಿದರು. ಅವರ ಹೆಸರನ್ನು ಹೊತ್ತ ವೈದ್ಯಶಾಲೆಯಲ್ಲಿ ಚಿಂಗ್ಲಾನ್ ಶುಶ್ರೂಷೆಯ ಅಧ್ಯಾಪಕಿಯಾದರು. ಆಕೆ ಕೋಟ್ನಿಸರನ್ನು ಮೊದಲು ಕಂಡದ್ದು 1940ರಲ್ಲಿ, ಬೆಥೂನರ ಸಮಾಧಿಯ ಬಳಿ ನಡೆದ ಸಮಾರಂಭದಲ್ಲಿ.

ಆ ಕೆಲಸ ಎಂತಹದೆಂಬುದನ್ನು ತುಸು ಯೋಚಿಸಬೇಕು. ಅಲ್ಲಿ ಆಸ್ಪತ್ರೆಯೆಂದರೆ ಹಳ್ಳಿಯ ರೈತರ ಮನೆಗಳು. ಶತ್ರುವಿನ ದಿಗ್ಬಂಧನದಿಂದಾಗಿ ಔಷಧಿ ದುರ್ಲಭ. ಶತ್ರು ಸಮೀಪಿಸಿದನೆಂದರೆ ಆಸ್ಪತ್ರೆಯೇ ಗಾಯಾಳುಗಳನ್ನು ಹೊತ್ತುಕೊಂಡು ಬೆಟ್ಟವೇರಬೇಕು. ಪೆನಿಸಿಲಿನ್ ಇನ್ನೂ ಕೈಗೆ ಸಿಗದ ಕಾಲವದು. ಶಸ್ತ್ರವೈದ್ಯನು ಗುಂಡನ್ನು ತೆಗೆದುಹಾಕಿದ ಮಾತ್ರಕ್ಕೆ ಸೈನಿಕ ಉಳಿಯುತ್ತಿರಲಿಲ್ಲ. ಗಾಯ ಕೀವಾಗದಂತೆ ದಿನವೂ ತೊಳೆಯಬೇಕು, ಕಟ್ಟಿದ ಬಟ್ಟೆಯನ್ನು ಬಿಚ್ಚಿ, ಒಗೆದು, ಕುದಿಸಿ, ಒಣಗಿಸಿ ಮತ್ತೆ ಕಟ್ಟಬೇಕು, ಜ್ವರವನ್ನು ಕಾಯಬೇಕು, ಮಗ್ಗುಲು ಬದಲಿಸಬೇಕು. ಈ ಕೆಲಸಕ್ಕೆ ಬರುತ್ತಿದ್ದವರಲ್ಲಿ ಬಹುಮಂದಿ ಅಕ್ಷರದ ಪರಿಚಯವೂ ಅಷ್ಟಕ್ಕಷ್ಟೇ ಇದ್ದ ರೈತರ ಮಕ್ಕಳು. ಕಣ್ಣಿಗೆ ಕಾಣದ ಕ್ರಿಮಿಯ ಭಯವನ್ನು, ನೀರು ಕುದಿಸುವುದರ ಕಾರಣವನ್ನು ಅಂಥವರಿಗೆ ಮನಗಾಣಿಸುವುದು ಸಾಮಾನ್ಯವಾದ ಪಾಠವಲ್ಲ. ಇಲ್ಲಿ ಕುಳಿತ ಶಿಕ್ಷಕರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಕಾಳಗದಲ್ಲಿ ಕೋಟ್ನಿಸರು 72 ಗಂಟೆಗಳ ಕಾಲ ಎಡೆಬಿಡದೆ ಶಸ್ತ್ರಕ್ರಿಯೆ ನಡೆಸಿದರೆಂದು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ನೆನೆಯಲೇಬೇಕು. ಆ ಮೂರು ದಿನಗಳ ಅನಂತರದ ಮೂರು ವಾರಗಳು ದಾದಿಯರವು. ಅವನ್ನು ಗಂಟೆಗಳಲ್ಲಿ ಎಣಿಸಿದವರಿಲ್ಲ.

1941ರ ನವೆಂಬರಿನಲ್ಲಿ ಇಬ್ಬರ ವಿವಾಹವಾಯಿತು. ಮರುವರ್ಷದ ಆಗಸ್ಟಿನಲ್ಲಿ ಮಗ ಹುಟ್ಟಿದ. ಅವನಿಗೆ ಯಿನ್‌ಹುವಾ ಎಂದು ಹೆಸರಿಟ್ಟರು. ‘ಯಿನ್’ ಎಂದರೆ ಭಾರತ, ‘ಹುವಾ’ ಎಂದರೆ ಚೀನ. ಮಗುವಿಗೆ ನಾಲ್ಕು ತಿಂಗಳು ತುಂಬುವ ಮೊದಲೇ ತಂದೆ ತೀರಿಕೊಂಡರು. ವೈದ್ಯವಿದ್ಯೆ ಓದುತ್ತಿದ್ದ ಆ ಮಗನೂ 1967ರಲ್ಲಿ ಅಕಾಲ ಮರಣಕ್ಕೆ ತುತ್ತಾದ. ತಾಯಿ ಆ ಬಳಿಕ 45 ವರ್ಷ ಬದುಕಿದರು. ಭಾರತಕ್ಕೆ ಹಲವು ಸಲ ಬಂದು ಕೋಟ್ನಿಸರ ಮನೆಯವರನ್ನು ಕಂಡುಹೋದರು. 2012ರಲ್ಲಿ ದಾಲಿಯನ್ ನಗರದಲ್ಲಿ ನಿಧನರಾದರು. ಶಾಂತಾರಾಮರ 1946ರ ಚಿತ್ರದಲ್ಲಿ ಆಕೆಯ ಪಾತ್ರವನ್ನು ವಹಿಸಿದವರು ಜಯಶ್ರೀ. ನಮ್ಮ ಹಿರಿಯರ ನೆನಪಿನಲ್ಲಿ ಉಳಿದಿರುವುದು ಆ ನಟಿಯ ಮುಖವೇ ಹೊರತು ದಾದಿಯದಲ್ಲ.

ಪಾಲಕರಲ್ಲಿ ಒಂದು ಮಾತು. ‘ಮಗಳು ಡಾಕ್ಟರು’ ಎನ್ನುವಾಗ ಏರುವ ನಮ್ಮ ದನಿ ‘ಮಗಳು ನರ್ಸು’ ಎನ್ನುವಾಗ ತಗ್ಗುತ್ತದೆ. ಈ ಶಾಲೆಯಲ್ಲಿ ಕನ್ನಡ ಕಲಿತು, ಊರೂರಿನ ಆಸ್ಪತ್ರೆಗಳಲ್ಲಿ ರಾತ್ರಿಪಾಳಿ ಮಾಡುತ್ತಿರುವ ಹೆಣ್ಣುಮಕ್ಕಳಿದ್ದಾರೆ. ಅವರಲ್ಲಿ ಕೆಲವರು ಇಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಸ್ಮರಣ ಸಂಚಿಕೆಗಾಗಿ ಹಳೆಯ ವಿದ್ಯಾರ್ಥಿಗಳ ಯಾದಿ ಸಿದ್ಧವಾಗುತ್ತಿದೆಯೆಂದು ಕೇಳಿದೆ. ಅವರು ಸಭೆ ಮುಗಿಸಿ ಮನೆಗೆ ತೆರಳುವ ಮುನ್ನ ಸಂಪಾದಕರು ಅವರ ಹೆಸರುಗಳನ್ನು ಬರೆದುಕೊಳ್ಳಬೇಕೆಂದು ಬಿನ್ನವಿಸುತ್ತೇನೆ.