ಹಳೆಯ ಹಾಡೂ ಒಂದು ದಿನ ಹೊಸದಾಗಿತ್ತು
(ಸಮೂಹ ಗಾಯನ ತಂಡಗಳ ಕೂಟದಲ್ಲಿ ಮಾಡಿದ ಭಾಷಣ)



ಹಾಡಿನ ತಂಡ ಕಟ್ಟಿದವರಿಗೆಲ್ಲ ಒಂದು ಜಗಳ ಗೊತ್ತು. 'ಹಳೆಯ ಹಾಡೇ ಇರಲಿ, ಜನ ದನಿಗೂಡಿಸುತ್ತಾರೆ' ಎನ್ನುವವರು ಒಂದು ಕಡೆ. 'ಎಷ್ಟು ವರ್ಷ ಅದನ್ನೇ ಹಾಡುವುದು?' ಎನ್ನುವವರು ಇನ್ನೊಂದು ಕಡೆ. ಇವತ್ತು ನಮ್ಮ ಜಗಳ ಬಿಟ್ಟು ಎಸ್ಟೋನಿಯಾದ ಕಥೆ ಹೇಳುತ್ತೇನೆ. ಆ ದೇಶದ ಜನಸಂಖ್ಯೆ 14 ಲಕ್ಷವೂ ಇಲ್ಲ. ಅವರ ಹಾಡುಹಬ್ಬದಲ್ಲಿ ಒಂದೇ ಮೈದಾನದಲ್ಲಿ 20,000ಕ್ಕೂ ಹೆಚ್ಚು ಜನ ಒಟ್ಟಿಗೆ ಹಾಡುತ್ತಾರೆ!

ಮೊದಲ ಹಬ್ಬ ನಡೆದದ್ದು 1869ರಲ್ಲಿ, ಟಾರ್ಟು ಪಟ್ಟಣದಲ್ಲಿ. ಆಳ್ವಿಕೆ ರಷ್ಯಾದ್ದು, ಜಮೀನು ಜರ್ಮನ್ ಧಣಿಗಳದ್ದು. ಹಾಡುಗಳಲ್ಲೂ ಹೆಚ್ಚಿನವು ಜರ್ಮನ್ ಮೂಲದವೇ. ಎಸ್ಟೋನಿಯನ್ನರೇ ರಾಗ ಹಾಕಿದ್ದು ಎರಡಕ್ಕೆ ಮಾತ್ರ. ಪದ ಕವಯಿತ್ರಿ ಲಿಡಿಯಾ ಕೊಯ್ಡುಲಾ ಅವರದು, ರಾಗ ಕುನಿಲೈಡ್ ಅವರದು. ಇಂದು ಪರಂಪರೆ ಎನಿಸಿಕೊಂಡ ಆ ಹಾಡುಗಳು ಅಂದು ಹೊಸ ಹಾಡುಗಳು!

ಕೊಯ್ಡುಲಾ ಅವರ ಪದವೊಂದಕ್ಕೆ ಎರ್ನೆಸಾಕ್ಸ್ ಹೊಸ ರಾಗ ಹಾಕಿದರು. 1947ರ ಹಬ್ಬದಲ್ಲಿ ಅದನ್ನು ಹಾಡಿದರು. ಆಮೇಲೆ ಸೋವಿಯತ್ ಆಡಳಿತ ಅದನ್ನು ದೂರವಿಟ್ಟಿತು. 1960ರಲ್ಲಿ ಪಟ್ಟಿಯಲ್ಲಿ ಇಲ್ಲದಿದ್ದರೂ ಜನ ತಾವಾಗಿಯೇ ಹಾಡಿಬಿಟ್ಟರು. 1988ರಲ್ಲಿ ಮಾಟ್ಟೀಸೆನ್ ಎಂಬ ತರುಣ ಹಳೆಯ ನಾಡಗೀತೆಗಳ ತುಣುಕುಗಳನ್ನು ರಾಕ್ ಸಂಗೀತಕ್ಕೆ ಜೋಡಿಸಿದ. ಆ ಬೇಸಿಗೆಯ ರಾತ್ರಿಗಳಲ್ಲಿ ಟಾಲಿನ್ನಿನ ಹಾಡುಮೈದಾನ ತುಂಬಿತು. 1991ರಲ್ಲಿ ದೇಶ ಮತ್ತೆ ಸ್ವತಂತ್ರವಾಯಿತು. ಹಾಡೊಂದೇ ಬಿಡುಗಡೆ ತಂದಿತು ಎನ್ನುತ್ತಿಲ್ಲ. ಹಾಡದೆ ಕೂತಿದ್ದರೆ ಅಷ್ಟು ಜನ ಒಂದೆಡೆ ಸೇರುತ್ತಿದ್ದರೇ?

ಹಾಗೆಂದು ಹೊಸದೆಲ್ಲ ನಡೆಯುವುದಿಲ್ಲ. ಹಾಡುವವರು ವೃತ್ತಿಗಾಯಕರಲ್ಲ, ದುಡಿಮೆ ಮುಗಿಸಿ ಸಂಜೆ ಅಭ್ಯಾಸಕ್ಕೆ ಬರುವವರು. ಮೈದಾನಕ್ಕೂ ಒಂದು ನಿಯಮವಿದೆ. ನೂರು ಮೀಟರ್ ದಾಟಲು ದನಿಗೆ ಸುಮಾರು ಮೂರನೇ ಒಂದು ಸೆಕೆಂಡು ಬೇಕು. ಚುರುಕು ತಾಳ, ತೊಡಕಿನ ತಿರುವು ಇಟ್ಟರೆ ಹಿಂದಿನ ಸಾಲು ಮುಂದಿನ ಸಾಲಿಗೆ ಸೇರದೆ ಗದ್ದಲವಾಗುತ್ತದೆ. ರಾಗ ಕಟ್ಟುವವನಿಗೆ ಪಾಂಡಿತ್ಯದ ಜೊತೆಗೆ ಜನರ ಗಂಟಲಿನ ಅಳತೆಯೂ ಗೊತ್ತಿರಬೇಕು. ಟೊರ್ಮಿಸ್ ಅವರಿಗೆ ಅದು ಗೊತ್ತಿತ್ತು. ಹಳ್ಳಿಯ ಪುರಾತನ ರೆಗಿಲೌಲ್ ಪದಗಳಿಂದಲೇ ಅವರು ಹೊಸ ಸಂಗೀತ ಕಟ್ಟಿದರು.

ಗೆಳೆಯರೇ, ಹಳೆಯ ಹಾಡು ಜನರನ್ನು ಸೇರಿಸುತ್ತದೆ. ಹೊಸ ಹಾಡು ನಾಳೆಯೂ ಜನ ಸೇರುವಂತೆ ಮಾಡುತ್ತದೆ. ನಿಮ್ಮ ಪಟ್ಟಿಯಲ್ಲಿ ಹತ್ತು ಹಾಡಿದ್ದರೆ ಎರಡನ್ನಾದರೂ ಹೊಸಬರಿಗೆ ಬಿಟ್ಟುಕೊಡಿ. 1869ರಲ್ಲಿ ಅವರಿಗೂ ಸಿಕ್ಕಿದ್ದು ಎರಡೇ!