ಮೈಬಣ್ಣ ಕಾಯಿಲೆಯಲ್ಲ

(ಆಸ್ಪತ್ರೆಯ ಸಭಾಭವನದಲ್ಲಿ ರೋಗಿಗಳು ಹಾಗೂ ಅವರ ಸಂಬಂಧಿಕರಿಗಾಗಿ ಚರ್ಮರೋಗ ವಿಭಾಗದ ವೈದ್ಯರು ನೀಡಿದ ಉಪನ್ಯಾಸದ ಬರಹರೂಪ)

 

ಕೆಲವು ದಿನಗಳ ಹಿಂದೆ ಒಬ್ಬ ತಾಯಿ ತಮ್ಮ ಮಗಳನ್ನು ನಮ್ಮ ವಿಭಾಗಕ್ಕೆ ಕರೆತಂದಿದ್ದರು. ಹುಡುಗಿ ದುಪಟ್ಟಾದಿಂದ ಮುಖ ಮುಚ್ಚಿಕೊಂಡಿದ್ದಳು. “ಬರೋ ತಿಂಗಳ ಮದುವಿ ಐತ್ರಿ ಡಾಕ್ಟರ್ರ, ಮುಖ ಹೆಂಗ ಆಗೈತಿ ನೋಡ್ರಿ” ಎಂದು ತಾಯಿ ಕಣ್ಣೀರು ಹಾಕಿದರು. ಕೆನ್ನೆಗಳು ಸುಟ್ಟಂತೆ ಕೆಂಪಾಗಿದ್ದವು. ಚರ್ಮ ತೆಳುವಾಗಿ ಸಣ್ಣ ರಕ್ತನಾಳಗಳು ಎದ್ದು ಕಾಣುತ್ತಿದ್ದವು. ಮೊಡವೆಗಳು ತುಂಬಿದ್ದವು, ಗಲ್ಲದ ಮೇಲೆ ಕೂದಲೂ ಬೆಳೆದಿತ್ತು.

ವಿಚಾರಿಸಿದಾಗ ವಿಷಯ ತಿಳಿಯಿತು. ಎರಡು ವರ್ಷದ ಹಿಂದೆ ಕನ್ಯೆ ನೋಡಲು ಬಂದವರು “ಹುಡುಗಿ ಬಣ್ಣ ಕಡಿಮೆ” ಎಂದು ಹೇಳಿ ಹೋಗಿದ್ದರು. ಪಕ್ಕದ ಮನೆಯವರ ಮಾತು ಕೇಳಿ ಔಷಧಿ ಅಂಗಡಿಯಿಂದ ಒಂದು ಟ್ಯೂಬ್ ತಂದು ಹಚ್ಚಿದ್ದಾಯಿತು. ಎರಡೇ ವಾರದಲ್ಲಿ ಮುಖ ಹೊಳೆಯಿತು, ಎಲ್ಲರೂ ಹೊಗಳಿದರು. ನಂತರ ಎರಡು ದಿನ ಬಿಟ್ಟರೆ ಉರಿ, ಕೆಂಪು. ಮತ್ತೆ ಹಚ್ಚಿದರೆ ಸಮಾಧಾನ. ಹೀಗೆ ಎರಡು ವರ್ಷ ಕಳೆದವು.

ಬಂಧುಗಳೇ, ಆ ಹುಡುಗಿಗೆ ಮೊದಲು ಯಾವ ಕಾಯಿಲೆಯೂ ಇರಲಿಲ್ಲ. ಕಾಯಿಲೆ ಇದ್ದದ್ದು ನೋಡಲು ಬಂದವರ ಕಣ್ಣಿನಲ್ಲಿ. ಔಷಧಿ ಹಚ್ಚಿದ್ದು ಮಾತ್ರ ಅವಳ ಮುಖಕ್ಕೆ.

ಮೈಬಣ್ಣ ಹೇಗೆ ಬರುತ್ತದೆ ಎಂಬುದನ್ನು ತಿಳಿಯೋಣ. ಚರ್ಮದಲ್ಲಿ ಮೆಲನಿನ್ ಎಂಬ ಬಣ್ಣದ ವಸ್ತುವನ್ನು ತಯಾರಿಸುವ ಜೀವಕೋಶಗಳಿವೆ. ಕಪ್ಪಗಿರುವವರಲ್ಲಿಯೂ ಬೆಳ್ಳಗಿರುವವರಲ್ಲಿಯೂ ಈ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಅವು ತಯಾರಿಸುವ ಮೆಲನಿನ್ ಪ್ರಮಾಣ ಮತ್ತು ಬಗೆ ಬೇರೆ, ಅಷ್ಟೇ. ಅದು ತಂದೆತಾಯಿಯಿಂದ ಬರುವಂಥದ್ದು. ಗರ್ಭಿಣಿ ಕೇಸರಿ ಹಾಲು ಕುಡಿದರೆ ಮಗುವಿನ ಬಣ್ಣ ಬದಲಾಗುವುದಿಲ್ಲ. ಕೂಸಿನ ಎಳೆ ಚರ್ಮಕ್ಕೆ ಕಡಲೆಹಿಟ್ಟು ಹಾಕಿ ತಿಕ್ಕಿದರೆ ಬಣ್ಣ ಬರುವುದಿಲ್ಲ, ಗಾಯವಾಗಬಹುದು. ಬಿಸಿಲಿನ ಹಾನಿಯಿಂದ ನಮ್ಮನ್ನು ಕಾಪಾಡುವುದೇ ಈ ಮೆಲನಿನ್. ಎರೆಹೊಲ ಕಪ್ಪಗಿದೆ ಎಂದು ಯಾವ ರೈತನಾದರೂ ಅದಕ್ಕೆ ಸುಣ್ಣ ಬಳಿಯುತ್ತಾನೆಯೇ? ಬಿಳಿಜೋಳ ಬೆಳೆಯುವುದು ಅಲ್ಲಿಯೇ ಅಲ್ಲವೇ?

ಈ ಹಂಬಲ ಹಳೆಯದು. ಅದನ್ನು ವ್ಯಾಪಾರವೂ ಬೆಳೆಸಿತು. ನಮ್ಮ ದೇಶದಲ್ಲಿ ‘ಫೇರ್ ಅಂಡ್ ಲವ್ಲಿ’ ಕ್ರೀಮ್ 1975ರಲ್ಲಿ ಮಾರುಕಟ್ಟೆಗೆ ಬಂದಿತು. 2014ರಲ್ಲಿ ಜಾಹೀರಾತು ಗುಣಮಟ್ಟ ಮಂಡಳಿಯು ಕಪ್ಪು ಬಣ್ಣದವರನ್ನು ಕೀಳಾಗಿ ತೋರಿಸಬಾರದೆಂದು ನಿಯಮ ಮಾಡಿತು. 2020ರಲ್ಲಿ ಆ ಕ್ರೀಮಿನ ಹೆಸರಿನಿಂದ ‘ಫೇರ್’ ಪದವನ್ನೇ ತೆಗೆದರು. ಡಬ್ಬಿಯ ಮೇಲಿನ ಪದ ಹೋಯಿತು. ನಮ್ಮ ಮನೆಮಾತಿನಿಂದ ಅದು ಇನ್ನೂ ಹೋಗಿಲ್ಲ.

ಆದರೆ ನಾನು ಎಚ್ಚರಿಸಬೇಕಾದದ್ದು ಅದಕ್ಕಿಂತ ಅಪಾಯದ ಎರಡು ವಸ್ತುಗಳ ಬಗ್ಗೆ.

ಮೊದಲನೆಯದು ಸ್ಟೀರಾಯ್ಡ್ ಇರುವ ಮುಲಾಮು. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಇವು ಒಳ್ಳೆಯ ಔಷಧಿಗಳೇ. ಇಸುಬು ಮುಂತಾದ ರೋಗಗಳಿಗೆ ವೈದ್ಯರು ಇಷ್ಟು ದಿನ, ಇಂಥ ಜಾಗಕ್ಕೆ ಎಂದು ಬರೆದುಕೊಟ್ಟಾಗ ಧೈರ್ಯದಿಂದ ಬಳಸಿ. ಬೆಳ್ಳಗಾಗಲೆಂದು ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಆ ಹುಡುಗಿಗೆ ಆದದ್ದೇ ಆಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ನಿಯಮ ಬಿಗಿಗೊಳಿಸಿದೆ.

ಎರಡನೆಯದು ಪಾದರಸ. ತಯಾರಕರ ವಿಳಾಸವಿಲ್ಲದ, ಒಳಗೇನಿದೆ ಎಂದು ಬರೆಯದ ಕೆಲವು ಕ್ರೀಮುಗಳಲ್ಲಿ ಇದು ಇರುತ್ತದೆ. ಪಾದರಸ ಮೆಲನಿನ್ ತಯಾರಿಕೆಯನ್ನು ತಡೆಯುತ್ತದೆ. ಜೊತೆಗೆ ಚರ್ಮದ ಮೂಲಕ ರಕ್ತಕ್ಕೆ ಸೇರಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂತಹ ಕ್ರೀಮ್ ಬಳಸಿದವರಲ್ಲಿ ಮೂತ್ರಪಿಂಡದ ಕಾಯಿಲೆಯನ್ನು ವೈದ್ಯರು ಪತ್ತೆ ಹಚ್ಚಿದರು. ಕ್ರೀಮ್ ಹಚ್ಚುವವರಿಗೆ ಮುಖ, ಕಾಲು ಬಾತರೆ, ಮೂತ್ರದಲ್ಲಿ ನೊರೆ ಬಂದರೆ ತಡಮಾಡದೆ ಪರೀಕ್ಷೆ ಮಾಡಿಸಿ.

ಇನ್ನೊಂದು ಮಾತು. ತೊನ್ನು, ಅಂದರೆ ಬಿಳಿ ಮಚ್ಚೆ ಇರುವವರನ್ನು ಜನ ದೂರ ಇಡುತ್ತಾರೆ. ಬಣ್ಣದ ಕೋಶಗಳನ್ನು ದೇಹದ ರಕ್ಷಣಾ ಶಕ್ತಿಯೇ ನಾಶ ಮಾಡುವುದರಿಂದ ತೊನ್ನು ಬರುತ್ತದೆ. ಅದು ಅಂಟುರೋಗವಲ್ಲ, ಕುಷ್ಠವೂ ಅಲ್ಲ, ಯಾವ ಪಾಪದ ಫಲವೂ ಅಲ್ಲ. ಮುಟ್ಟಿದರೆ, ಜೊತೆಗೆ ಊಟ ಮಾಡಿದರೆ ಬರುವುದಿಲ್ಲ. ಕುಷ್ಠ ಬಂದರೂ ಹೆದರಬೇಕಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುವ ಔಷಧಿಯಿಂದ ಅದು ಗುಣವಾಗುತ್ತದೆ.

ಈಗ ನೀವು ಮಾಡಬೇಕಾದದ್ದು ಇಷ್ಟು. ಮುಖಕ್ಕೆ ಹಚ್ಚುವ ಟ್ಯೂಬನ್ನು ಎಸೆಯದೆ ನಮ್ಮ ಬಳಿ ತನ್ನಿ, ನಾಚಿಕೆ ಬೇಡ. ಬಹಳ ದಿನ ಹಚ್ಚಿದ್ದರೆ ಹೇಗೆ ಬಿಡಬೇಕು ಎಂಬುದನ್ನು ವೈದ್ಯರೇ ಹೇಳುತ್ತಾರೆ. ಬಿಟ್ಟ ಮೇಲೆ ಸ್ವಲ್ಪ ದಿನ ಉರಿ ಹೆಚ್ಚಾಗಬಹುದು. ಆಗ ಮತ್ತೆ ಅದೇ ಮುಲಾಮಿಗೆ ಕೈ ಹಾಕಬೇಡಿ. ಸಂಬಂಧಿಕರಾದ ನೀವು ಹೆರಿಗೆ ವಾರ್ಡಿನಲ್ಲಿ “ಕೂಸು ಯಾರ ಬಣ್ಣ?” ಎಂದು ಕೇಳುವ ಬದಲು “ಕೂಸು ಹಾಲು ಕುಡಿಯುತ್ತಿದೆಯೇ?” ಎಂದು ಕೇಳಿ.

ಆ ತಾಯಿ ಹೋಗುವಾಗ “ಮದುವಿ ಒಳಗ ಆರಾಮ ಆಗತೈತೇನ್ರಿ?” ಎಂದು ಕೇಳಿದರು. “ಇಲ್ಲ ತಾಯಿ, ತಿಂಗಳುಗಳೇ ಬೇಕು. ಬೀಗರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ” ಎಂದೆ. ಮುಂದಿನ ಸಲ ಹುಡುಗಿಯ ಜೊತೆ ಆಕೆಯ ಅತ್ತೆಯಾಗುವವರೇ ಬಂದರು. ಜಗಳಕ್ಕೆ ಬಂದಿರಬಹುದೆಂದು ಕೊಂಡೆ. ಅವರು ತಮ್ಮ ಚೀಲದಿಂದ ಅಂಥದೇ ಒಂದು ಟ್ಯೂಬ್ ತೆಗೆದು ಮೇಜಿನ ಮೇಲಿಟ್ಟು ಮೆಲ್ಲಗೆ ಹೇಳಿದರು: “ನನ್ನ ಮಗಳೂ ಇದನ್ನ ಹಚ್ಚತಾಳ್ರಿ. ನಾನ ತಂದು ಕೊಟ್ಟೀನಿ.”

ನಿಮ್ಮ ಮನೆಯಲ್ಲಿಯೂ ಅಂಥ ಟ್ಯೂಬ್ ಇದ್ದರೆ, ಹಾಗೆಯೇ ತನ್ನಿ.