ಔಷಧಿಕಾರನ ವಿದ್ಯಾಮಾರ್ಗ

(ಶ್ರೀಮಠದ ಮಹೋತ್ಸವದ ಅಂಗವಾಗಿ ಜರುಗಿದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಪಿ.ಯು.ಸಿ. ಪರೀಕ್ಷೆಯ ಫಲಿತಾಂಶವು ಹೊರಬಿದ್ದ ಮೇಲೆ ನಮ್ಮ ವಿದ್ಯಾರ್ಥಿನಿಲಯದ ಹುಡುಗರೂ ಅವರ ತಂದೆತಾಯಿಗಳೂ ಮುಂದಿನ ದಾರಿಯನ್ನು ಕುರಿತು ಹಿರಿಯರಲ್ಲಿ ವಿಚಾರಿಸುವುದು ರೂಢಿಯಾಗಿದೆ. ಆಗ ಹಲವರ ಬಾಯಲ್ಲಿ ಬರುವ ಮಾತೊಂದುಂಟು: “ಡಾಕ್ಟರಿಕೆಗೆ ಸೀಟು ಸಿಕ್ಕಲಿಲ್ಲ, ಹೋಗಲಿ, ಫಾರ್ಮಸಿಗಾದರೂ ಸೇರಿಸೋಣ, ಪೇಟೆಯಲ್ಲಿ ಒಂದು ಮೆಡಿಕಲ್ ಅಂಗಡಿ ಇಟ್ಟುಕೊಂಡು ಬದುಕಲಿ.” ಈ ಮಾತಿನಲ್ಲಿ ಮಗನ ಹಿತಚಿಂತನೆ ಇದೆಯೆಂಬುದು ನಿಜ. ಆದರೆ ವಿದ್ಯೆಯೊಂದನ್ನು ಅದು ಕೇವಲ ಅಂಗಡಿಯ ವ್ಯಾಪಾರವೆಂದು ಎಣಿಸುತ್ತದೆ. ಆ ಎಣಿಕೆಯು ಸರಿಯಲ್ಲವೆಂಬುದನ್ನೂ, ಆ ವಿದ್ಯೆಯ ಮಾರ್ಗವು ಎಂಥದೆಂಬುದನ್ನೂ ತಿಳಿಸುವುದೇ ನನ್ನ ಈ ಉಪನ್ಯಾಸದ ಉದ್ದೇಶವು.

ಆಯುರ್ವೇದವನ್ನು ಓದಿದವರಿಗೆ ಚಿಕಿತ್ಸೆಯ ನಾಲ್ಕು ಪಾದಗಳು ತಿಳಿದಿರುವುವು: ವೈದ್ಯನು, ದ್ರವ್ಯವು, ಉಪಚಾರಕನು, ರೋಗಿಯು. ಇವುಗಳಲ್ಲಿ ದ್ರವ್ಯವೆಂದರೆ ಔಷಧವು. ಪೂರ್ವದಲ್ಲಿ ವೈದ್ಯನೇ ಕಾಡುಮೇಡುಗಳಲ್ಲಿ ಮೂಲಿಕೆಯನ್ನು ಗುರುತಿಸಿ, ತಂದು, ಶೋಧಿಸಿ, ಅರೆದು, ಕಾಸಿ, ತನ್ನ ಕೈಯಿಂದಲೇ ರೋಗಿಗೆ ಕೊಡುತ್ತಿದ್ದನು. ಆದುದರಿಂದ ಮೊದಲನೆಯ ಪಾದವೂ ಎರಡನೆಯ ಪಾದವೂ ಒಬ್ಬನ ಅಧೀನದಲ್ಲಿಯೇ ಇದ್ದುವು. ಈ ಎರಡನ್ನೂ ಬೇರ್ಪಡಿಸಬೇಕೆಂಬ ವಿಚಾರವು ಯುರೋಪಿನಲ್ಲಿ ಬಹಳ ಹಿಂದೆಯೇ ಹುಟ್ಟಿತು. ಸಿಸಿಲಿಯನ್ನಾಳಿದ ಚಕ್ರವರ್ತಿ ಎರಡನೆಯ ಫ್ರೆಡರಿಕನು ೧೩ನೆಯ ಶತಮಾನದಲ್ಲಿಯೇ ವೈದ್ಯನ ವೃತ್ತಿ ಬೇರೆ, ಔಷಧವನ್ನು ಸಿದ್ಧಪಡಿಸುವವನ ವೃತ್ತಿ ಬೇರೆ ಎಂದು ಶಾಸನ ಮಾಡಿದನು. ಈಗಲಾದರೋ ಸಾವಿರಾರು ಬಗೆಯ ಔಷಧಗಳು ಕಾರ್ಖಾನೆಗಳಲ್ಲಿ ತಯಾರಾಗಿ ಬರುತ್ತಿರುವುದರಿಂದ, ಅವುಗಳ ಗುಣದೋಷಗಳನ್ನು ತಿಳಿದು ರೋಗಿಯ ಕೈಗೆ ಕ್ರಮವಾಗಿ ತಲಪಿಸುವ ಬೇರೊಬ್ಬ ವಿದ್ವಾಂಸನು ಅವಶ್ಯವಾಗಿ ಬೇಕಾಗಿದ್ದಾನೆ. ಅವನೇ ಔಷಧಿಕಾರನು, ಲೋಕರೂಢಿಯಲ್ಲಿ ಫಾರ್ಮಸಿಸ್ಟನು.

ನಮ್ಮ ದೇಶದಲ್ಲಿ ಈ ವಿದ್ಯೆಯು ಕ್ರಮಕ್ಕೆ ಬಂದುದು ತೀರ ಇತ್ತೀಚೆಗೆ. ಬಹುಕಾಲ ಆಸ್ಪತ್ರೆಯ ಕಂಪೌಂಡರನು ನೋಡಿ ಕಲಿತುದೇ ವಿದ್ಯೆಯಾಗಿದ್ದಿತು; ಪೇಟೆಯಲ್ಲಿ ಔಷಧವನ್ನು ಮಾರುವವನಿಗಂತೂ ಯಾವ ವಿದ್ಯೆಯೂ ಬೇಕಾಗಿರಲಿಲ್ಲ. ಕಲಬೆರಕೆಯ ಔಷಧಗಳ ಹಾವಳಿಯು ಮಿತಿಮೀರಲು, ಸರಕಾರವು ೧೯೩೦ರಲ್ಲಿ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಿತು. ೧೯೩೨ರಲ್ಲಿ ಮಹಾದೇವ ಲಾಲ ಶ್ರಾಫ್ ಅವರ ಪ್ರಯತ್ನದಿಂದ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಔಷಧಶಾಸ್ತ್ರದ ಬೋಧನೆಯು ಮೊದಲಾಯಿತು. ೧೯೪೦ರಲ್ಲಿ ಔಷಧಗಳ ಕಾಯಿದೆಯೂ, ೧೯೪೮ರಲ್ಲಿ ಫಾರ್ಮಸಿ ಕಾಯಿದೆಯೂ ಹುಟ್ಟಿದುವು. ಮರುವರ್ಷವೇ ಭಾರತೀಯ ಫಾರ್ಮಸಿ ಪರಿಷತ್ತು ಸ್ಥಾಪಿತವಾಯಿತು. ಕಾಯಿದೆಯು ಜಾರಿಗೆ ಬಂದ ಹೊಸತರಲ್ಲಿ, ಐದು ವರ್ಷಗಳಿಗೆ ಕಡಿಮೆಯಿಲ್ಲದಂತೆ ಆಸ್ಪತ್ರೆಗಳಲ್ಲಿ ಔಷಧ ಬೆರಸುವ ಕೆಲಸ ಮಾಡಿದವರನ್ನೂ ಮೊದಲನೆಯ ನೋಂದಣಿ ಪುಸ್ತಕದಲ್ಲಿ ಸೇರಿಸಿಕೊಳ್ಳಲು ಅವಕಾಶವಿದ್ದಿತು. ಆಗ ಓದಿದವರು ವಿರಳವಾಗಿದ್ದುದರಿಂದ ಅದು ಅನಿವಾರ್ಯವಾಗಿತ್ತು. ಈಗ ಓದದೆ ಒಳಗೆ ಬರುವ ಬಾಗಿಲು ಮುಚ್ಚಿದೆ.

ಇನ್ನು ಈಗಿನ ಮಾರ್ಗವನ್ನು ಹೇಳುವೆನು. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಇವುಗಳೊಡನೆ ಜೀವಶಾಸ್ತ್ರವನ್ನಾಗಲಿ ಗಣಿತವನ್ನಾಗಲಿ ಓದಿ ತೇರ್ಗಡೆಯಾದವನು ಡಿ.ಫಾರ್ಮ ಎಂಬ ಡಿಪ್ಲೊಮಾ ಶಿಕ್ಷಣಕ್ಕೆ ಅರ್ಹನು. ಇದು ಎರಡು ವರ್ಷಗಳ ಪಾಠ. ೨೦೨೦ರ ಶಿಕ್ಷಣ ನಿಯಮಾವಳಿಯ ಪ್ರಕಾರ ಮೊದಲನೆಯ ವರ್ಷ ಔಷಧ ನಿರ್ಮಾಣವಿದ್ಯೆ, ಔಷಧ ರಸಾಯನ, ಮೂಲಿಕಾವಿಜ್ಞಾನ, ಶರೀರರಚನೆ ಮತ್ತು ಶರೀರಕ್ರಿಯೆ, ಸಾಮಾಜಿಕ ಫಾರ್ಮಸಿ ಇವೂ, ಎರಡನೆಯ ವರ್ಷ ಔಷಧವು ದೇಹದಲ್ಲಿ ಮಾಡುವ ಕ್ರಿಯೆಯ ಶಾಸ್ತ್ರ, ಸಮುದಾಯ ಫಾರ್ಮಸಿ, ಜೀವರಸಾಯನ, ಔಷಧ ಚಿಕಿತ್ಸೆ, ಆಸ್ಪತ್ರೆಯ ಫಾರ್ಮಸಿ, ಕಾನೂನು ಮತ್ತು ನೀತಿ ಇವೂ ಬೋಧಿಸಲ್ಪಡುವುವು. ಬಳಿಕ ಮೂರು ತಿಂಗಳಿಗೆ ಕಡಿಮೆಯಿಲ್ಲದಂತೆ ೫೦೦ ಗಂಟೆಗಳ ಕಾಲ ಆಸ್ಪತ್ರೆಯಲ್ಲಿಯೋ ಔಷಧದಂಗಡಿಯಲ್ಲಿಯೋ ಪ್ರತ್ಯಕ್ಷ ಅಭ್ಯಾಸ ಮಾಡತಕ್ಕದ್ದು. ಇದರಲ್ಲಿ ೨೫೦ ಗಂಟೆಗಳಾದರೂ ವೈದ್ಯರ ಚೀಟಿಯನ್ನು ಓದಿ ಔಷಧ ಕೊಡುವ ಕೆಲಸದಲ್ಲಿಯೇ ಕಳೆಯಬೇಕೆಂದು ೧೯೯೧ರ ನಿಯಮಾವಳಿಯೇ ವಿಧಿಸಿತ್ತು. ೨೦೨೨ರಲ್ಲಿ ನಿರ್ಗಮನ ಪರೀಕ್ಷೆಯೆಂಬ ಮತ್ತೊಂದು ಕಟ್ಟಳೆಯೂ ಸೇರಿತು. ಮೂರು ಪ್ರಶ್ನಪತ್ರಿಕೆಗಳು, ಒಂದೊಂದರಲ್ಲಿಯೂ ನೂರಕ್ಕೆ ಐವತ್ತು ಅಂಕಗಳು ಬರಬೇಕು. ಇವೆಲ್ಲವೂ ಆದ ಮೇಲೆ ರಾಜ್ಯದ ಫಾರ್ಮಸಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಲ್ಪಡಬೇಕು. ಹೀಗೆ ನೋಂದಣಿಯಾದವನೇ ‘ರಿಜಿಸ್ಟರ್ಡ್ ಫಾರ್ಮಸಿಸ್ಟ್’.

ಹೆಚ್ಚು ಓದಬೇಕೆನ್ನುವವರಿಗೆ ನಾಲ್ಕು ವರ್ಷಗಳ ಬಿ.ಫಾರ್ಮ ಪದವಿಯಿದೆ. ೨೦೦೮ರಲ್ಲಿ ಆರಂಭವಾದ ಫಾರ್ಮ.ಡಿ. ಎಂಬುದು ಆರು ವರ್ಷಗಳದು. ಕೊನೆಯ ವರ್ಷವೆಲ್ಲ ಆಸ್ಪತ್ರೆಯಲ್ಲಿ ರೋಗಿಗಳ ಬಳಿಯೇ ಕಲಿಯುವುದು. ಡಿಪ್ಲೊಮಾ ಮುಗಿಸಿ ವೃತ್ತಿಯಲ್ಲಿರುವವರು ಪದವಿಯನ್ನು ಪಡೆಯುವಂತೆ ೨೦೧೪ರಲ್ಲಿ ಬೇರೊಂದು ನಿಯಮಾವಳಿಯೂ ಆಗಿದೆ. ಬಡತನದಿಂದ ಡಿಪ್ಲೊಮಾಕ್ಕೆ ನಿಂತವನು ಇದರಿಂದ ಧೈರ್ಯ ತಾಳಬಹುದು.

ಈ ವಿದ್ಯೆಗೂ ಮಠಗಳಿಗೂ ಸಂಬಂಧವೇನೆಂದು ಯಾರಾದರೂ ಕೇಳಿದರೆ, ಸುತ್ತೂರಿನ ಮಠದ ಕಡೆಗೆ ಕೈತೋರಿಸಬಹುದು. ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳವರು ಬೆಳೆಸಿದ ಜೆ.ಎಸ್.ಎಸ್. ಮಹಾವಿದ್ಯಾಪೀಠವು ೧೯೭೩ರಲ್ಲಿಯೇ ಮೈಸೂರಿನಲ್ಲಿ ಫಾರ್ಮಸಿ ಕಾಲೇಜನ್ನು ಸ್ಥಾಪಿಸಿತು. ಅನ್ನದಾನ ವಿದ್ಯಾದಾನಗಳನ್ನು ನಡೆಸುತ್ತ ಬಂದ ಮಠವು ಔಷಧದ ವಿದ್ಯೆಯನ್ನೂ ತನ್ನದೆಂದು ಎಣಿಸಿದುದು ಉಚಿತವೇ ಸರಿ.

ಇಷ್ಟೆಲ್ಲ ಓದು ಯಾತಕ್ಕೆ? ಚೀಟಿಯನ್ನು ನೋಡಿ ಗುಳಿಗೆಯನ್ನು ಎಣಿಸಿ ಕೊಡಲು ಎಸ್.ಎಸ್.ಎಲ್.ಸಿ. ಆದವನು ಸಾಲದೆ? ಈ ಪ್ರಶ್ನೆಗೆ ಉದಾಹರಣೆಗಳಿಂದಲೇ ಉತ್ತರ ಹೇಳುವೆನು. ಮೆಥೊಟ್ರೆಕ್ಸೇಟ್ ಎಂಬ ಔಷಧವುಂಟು. ಕೀಲುವಾತದ ರೋಗಿಗೆ ಇದನ್ನು ವಾರಕ್ಕೊಂದು ಸಲ ಮಾತ್ರ ಕೊಡುವರು. ರೋಗಿಯು ತಿಳಿಯದೆ ದಿನವೂ ನುಂಗಿದರೆ ರಕ್ತವು ಕ್ಷೀಣಿಸಿ ಪ್ರಾಣಕ್ಕೇ ಅಪಾಯ. “ವಾರಕ್ಕೊಮ್ಮೆ, ಇಂಥ ವಾರದಂದೇ” ಎಂದು ಕನ್ನಡದಲ್ಲಿ ಎರಡು ಸಲ ಹೇಳಿ, ಪೊಟ್ಟಣದ ಮೇಲೆ ಬರೆದುಕೊಡುವವನು ಅಲ್ಲಿ ಒಂದು ಜೀವವನ್ನು ಉಳಿಸಿದಂತೆ. ಇನ್ನೊಂದು: ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ನೆಗಡಿಯ ಗುಳಿಗೆಯಲ್ಲಿಯೂ ಮೈಕೈನೋವಿನ ಗುಳಿಗೆಯಲ್ಲಿಯೂ ಬೇರೆ ಬೇರೆ ಹೆಸರುಗಳಿಂದ ಅಡಗಿರುತ್ತದೆ. ಮೂರನ್ನೂ ಒಟ್ಟಿಗೆ ತೆಗೆದುಕೊಂಡವನಿಗೆ ದಿನಕ್ಕೆ ೪ ಗ್ರಾಮಿನ ಮಿತಿಯು ಅರಿವಿಲ್ಲದೆಯೇ ಮೀರಿ ಪಿತ್ತಕೋಶದ ನೆರೆಯಲ್ಲಿರುವ ಯಕೃತ್ತು ಕೆಡುವುದು. ಮಗುವಿನ ಔಷಧವನ್ನು ಅದರ ತೂಕಕ್ಕೆ ತಕ್ಕಂತೆ ಅಳೆಯಬೇಕು. ಅಡಿಗೆಮನೆಯ ಚಮಚಗಳು ಒಂದರಂತೆ ಒಂದಿರುವುದಿಲ್ಲ. ಇನ್ಸುಲಿನ್ನನ್ನು ಬಳಕೆಗೆ ತೆಗೆಯುವವರೆಗೆ ೨ರಿಂದ ೮ ಡಿಗ್ರಿಯ ಶೈತ್ಯದಲ್ಲಿ ಕಾಪಾಡದಿದ್ದರೆ ಸೀಸೆಯಲ್ಲಿ ದ್ರವವಿದ್ದರೂ ಗುಣವಿರುವುದಿಲ್ಲ. ವೈದ್ಯರ ಚೀಟಿಯಿಲ್ಲದೆ ಎರಡು ದಿನದ ಮಟ್ಟಿಗೆ ಆಂಟಿಬಯಾಟಿಕ್ ಕೊಡುವ ಅಂಗಡಿಯು ಕ್ರಿಮಿಗಳಿಗೆ ಔಷಧವನ್ನು ಸಹಿಸುವ ಅಭ್ಯಾಸ ಮಾಡಿಸುತ್ತದೆ. ಇದನ್ನು ತಡೆಯಲೆಂದೇ ೨೦೧೩ರಲ್ಲಿ ಎಚ್-೧ ಎಂಬ ಅನುಸೂಚಿಯು ಸೇರಿಸಲ್ಪಟ್ಟು, ಅಂಥ ಔಷಧವನ್ನು ಕೊಟ್ಟಾಗ ವೈದ್ಯನ ಹೆಸರು, ರೋಗಿಯ ಹೆಸರು, ಔಷಧದ ಪ್ರಮಾಣ ಇವುಗಳನ್ನು ಬರೆದು ಆ ಪುಸ್ತಕವನ್ನು ಮೂರು ವರ್ಷ ಇಡಬೇಕೆಂದು ವಿಧಿಸಲಾಗಿದೆ.

ಮಹಾಜನರೇ, ಈಗ ನಾನು ಅಪ್ರಿಯವಾದ ಮಾತೊಂದನ್ನು ಹೇಳಬೇಕಾಗಿದೆ. ನೋಂದಣಿಯಾದವನ ಕೈಯಿಂದಲಾಗಲಿ, ಅವನು ಎದುರಿಗೆ ನಿಂತು ನೋಡುತ್ತಿರುವಾಗಲಾಗಲಿ ಚೀಟಿಯ ಔಷಧವನ್ನು ಕೊಡತಕ್ಕದ್ದೆಂಬುದು ಶಾಸನ. ಆದರೂ ಪ್ರಮಾಣಪತ್ರವನ್ನು ಬಾಡಿಗೆಗೆ ಕೊಡುವ ವಾಡಿಕೆಯೊಂದು ನಾಡಿನಲ್ಲಿ ನಡೆದುಬಂದಿದೆ. ಪತ್ರವು ಚೌಕಟ್ಟಿನಲ್ಲಿ ಗೋಡೆಯ ಮೇಲೆ ತೂಗುತ್ತಿರುವುದು. ಅದರ ಒಡೆಯನು ಬೇರೆ ಊರಿನಲ್ಲಿ ಬೇರೆ ಕೆಲಸದಲ್ಲಿರುವನು. ಔಷಧವನ್ನು ಕೊಡುವವನು ಏನೂ ಓದದ ಹುಡುಗನು. “ತಿಂಗಳಿಗೆ ಸ್ವಲ್ಪ ಹಣ ಬರುತ್ತದೆ, ಯಾರಿಗೇನು ನಷ್ಟ?” ಎಂದು ಓದಿದವರೇ ಕೇಳುವುದುಂಟು. ನಷ್ಟವು ಯಾರಿಗೆಂದರೆ, ವಾರದ ಗುಳಿಗೆಯನ್ನು ದಿನವೂ ನುಂಗಿದ ಆ ಮುದುಕಿಗೆ. ಅವಳಿಗೆ ಎಚ್ಚರ ಹೇಳಬೇಕಾಗಿದ್ದ ನಾಲಗೆಯು ಅಂದು ಅಂಗಡಿಯಲ್ಲಿರಲಿಲ್ಲ. ಗೋಡೆಯ ಮೇಲಿನ ಕಾಗದವು ಯಾರನ್ನೂ ಎಚ್ಚರಿಸಲಾರದು.

ಇದಕ್ಕೆ ಪ್ರತಿಯಾಗಿ, ಅಂಗಡಿಯಲ್ಲಿ ಇಡೀ ದಿನ ನಿಂತರೂ ಸಿಗುವ ಸಂಬಳವು ಅಲ್ಪವೆಂದೂ, ಕಾಲೇಜಿಗೆ ಕಟ್ಟಿದ ಹಣವೇ ಹುಟ್ಟುವುದಿಲ್ಲವೆಂದೂ ಹುಡುಗರು ಹೇಳುವರು. ಈ ದೂರಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ವಿಚಾರಿಸಿ ನೋಡಿರಿ: ಕಾಗದವೇ ಅಗ್ಗವಾಗಿ ಬಾಡಿಗೆಗೆ ದೊರೆಯುತ್ತಿರುವಾಗ, ಅಂಗಡಿಯವನು ಮನುಷ್ಯನಿಗೆ ಹೆಚ್ಚು ಸಂಬಳವನ್ನು ಏಕೆ ಕೊಟ್ಟಾನು? ಒಬ್ಬನು ಪತ್ರವನ್ನು ಬಾಡಿಗೆಗೆ ಕೊಟ್ಟರೆ ಹತ್ತು ಮಂದಿ ಪ್ರಾಮಾಣಿಕರ ಸಂಬಳವು ಇಳಿಯುತ್ತದೆ. ಆದುದರಿಂದ ಈ ವೃತ್ತಿಯ ಬಡತನಕ್ಕೆ ಆ ವಾಡಿಕೆಯೂ ಒಂದು ಕಾರಣವು. ಅದನ್ನು ಬಿಡದೆ ಬಡತನವನ್ನು ದೂರುವುದು, ಒಡೆದ ಗಡಿಗೆಗೆ ನೀರು ಹೊಯ್ದು ಬಾವಿಯನ್ನು ಬಯ್ದಂತೆ.

ಸಾರ್ವಜನಿಕರಿಗೂ ಒಂದು ಬಿನ್ನಹ. ಔಷಧದಂಗಡಿಗೆ ಹೋದಾಗ “ಫಾರ್ಮಸಿಸ್ಟರು ಇದ್ದಾರೆಯೆ?” ಎಂದು ಕೇಳಿರಿ. ಹೇಗೆ, ಎಷ್ಟು ಹೊತ್ತಿಗೆ, ಎಷ್ಟು ದಿನ ತೆಗೆದುಕೊಳ್ಳಬೇಕು, ಬೇರೆ ಔಷಧದೊಡನೆ ಕೂಡುವುದೆ ಎಂದು ವಿಚಾರಿಸಿರಿ. ಕೇಳುವವರಿದ್ದರೆ ಹೇಳುವವರೂ ಬರುವರು. ಕೇಳಿದವರಿಗೆ ಉತ್ತರ ಕೊಡುವುದು ಉಪಕಾರವಲ್ಲ, ೨೦೧೫ರ ಫಾರ್ಮಸಿ ವೃತ್ತಿ ನಿಯಮಾವಳಿಯು ವಿಧಿಸಿರುವ ಕರ್ತವ್ಯ.

ವಿದ್ಯಾರ್ಥಿಗಳೇ, ಈ ಮಾರ್ಗವನ್ನು ಹಿಡಿಯುವವರು ವೈದ್ಯನಾಗಲಾರದೆ ಉಳಿದವರೆಂದು ನಿಮ್ಮನ್ನು ನೀವೇ ಕೀಳಾಗಿ ಎಣಿಸಬೇಡಿರಿ. ಹಳ್ಳಿಯ ರೋಗಿಗೆ ವೈದ್ಯನು ದೂರ, ಔಷಧದಂಗಡಿಯು ಹತ್ತಿರ. ಚೀಟಿಯಲ್ಲಿ ತಪ್ಪಿದ್ದರೆ ಅದನ್ನು ಕಂಡು ವೈದ್ಯನಿಗೆ ತಿಳಿಸಬಲ್ಲ ಕೊನೆಯ ಕಣ್ಣು ನಿಮ್ಮದು. ೫೦೦ ಗಂಟೆಗಳ ಅಭ್ಯಾಸವನ್ನು ಸಹಿ ಹಾಕಿಸಿಕೊಂಡು ಮುಗಿಸದೆ, ನಿಂತು ಕಲಿಯಿರಿ. ತಿಳಿಯದುದನ್ನು ತಿಳಿದವರಲ್ಲಿ ಕೇಳಲು ನಾಚಬೇಡಿರಿ, ಸಂದೇಹವಿರುವಾಗ ಕೊಡಬೇಡಿರಿ. ಮತ್ತು ಪತ್ರವು ಎಲ್ಲಿ ತೂಗುವುದೋ ಅಲ್ಲಿ ನೀವೂ ಇರುವೆವೆಂದು ಈ ಸಭೆಯಲ್ಲಿ ಮನಸ್ಸಿನಲ್ಲಿಯೇ ನಿಶ್ಚಯಿಸಿಕೊಳ್ಳಿರಿ.